ಸೌದೆಯೊಳಗಿನ ನೀರು

ಮಲೆನಾಡಿನಲ್ಲಿ ಮಾಗಿಯ ಚಳಿಗೆ ತಯಾರಿ ನಡೆಯುವುದು ಸುಡುಬಿಸಿಲಿನಲ್ಲಿ. ಅಡಿಕೆ ಕೊಯ್ಲು, ಸುಲಿತ, ಒಣಗಿಸುವ ಕೆಲಸವೆಲ್ಲ ಮುಗಿದು ಅಂಗಳ ಖಾಲಿಯಾದ ಮೇಲೆ, ಯುಗಾದಿಯ ಆಸುಪಾಸಿಗೆ, ತೀರ್ಥಹಳ್ಳಿ, ಕೊಪ್ಪ, ಸಾಗರ, ಶಿರಸಿ ಕಡೆಯ ಮನೆಗಳ ಹಿತ್ತಲಿನಿಂದ ಕೊಡಲಿಯ ಸದ್ದು ಕೇಳತೊಡಗುತ್ತದೆ. ಗಾಳಿಗೆ ಮುರಿದ ಕೊಂಬೆ, ತೋಟದಂಚಿನಲ್ಲಿ ಒಣಗಿ ನಿಂತ ಮರ, ಬೇಣದ ಅಕೇಶಿಯಾ, ಹಳೆಯ ಹಲಸಿನ ಬೊಡ್ಡೆ, ಎಲ್ಲವೂ ಒಂದೊಂದಾಗಿ ಹಿತ್ತಲಿಗೆ ಬಂದು ಬೀಳುತ್ತವೆ. ಮೃಗಶಿರ ಮಳೆ ಹಿಡಿಯುವುದು ಜೂನ್ ಮೊದಲ ವಾರ ಕಳೆದಾಗ. ಅಷ್ಟರೊಳಗೆ ಸೌದೆ ಕೊಟ್ಟಿಗೆ ಸೂರು ಮುಟ್ಟಿರಬೇಕು. ಮುಟ್ಟದೆ ಹೋದರೆ ಆ ವರ್ಷ ಮನೆಯ ಹೆಂಗಸರ ಕಣ್ಣು ಉರಿಯುವುದು ಖಂಡಿತ.

ಅಲ್ಲಿಂದ ಮುಂದೆ ನಾಲ್ಕು ತಿಂಗಳು ಮಳೆ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಮಳೆ ಬಿಟ್ಟಿತು ಎನ್ನುವಷ್ಟರಲ್ಲಿ ಅಡಿಕೆ ಬೇಯಿಸುವ ಒಲೆ ಹೂಡಬೇಕು. ಅದು ಮುಗಿಯುವ ಹೊತ್ತಿಗೆ ಮಾಗಿ ಬಂದು ಕೂತಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಆಕಾಶದಲ್ಲಿ ಮೋಡವಿರುವುದಿಲ್ಲ. ಹಗಲಿನಲ್ಲಿ ನೆಲ ಗಳಿಸಿದ ಶಾಖ ತಡೆಯಿಲ್ಲದೆ ಆಕಾಶಕ್ಕೆ ಹೊರಟುಹೋಗುತ್ತದೆ. ನೆಲ ತಣಿದಂತೆ ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ, ಗುಡ್ಡದ ಇಳಿಜಾರಿನಲ್ಲಿ ನೀರಿನಂತೆಯೇ ಹರಿದು ಕಣಿವೆಗೆ ಬಂದು ಮಡುಗಟ್ಟುತ್ತದೆ. ನಮ್ಮ ಅಡಿಕೆ ತೋಟಗಳಿರುವುದು ಕಣಿವೆಯಲ್ಲಿ, ಮನೆಗಳಿರುವುದು ತೋಟದ ತಲೆಯಲ್ಲಿ. ಗುಡ್ಡದ ನೆತ್ತಿಗಿಂತ ಹಳ್ಳದ ಬದಿಯಲ್ಲಿ ಚಳಿ ಹೆಚ್ಚು ಕಚ್ಚುವುದು ಇದೇ ಕಾರಣಕ್ಕೆ.

ಅಂಥದೊಂದು ಬೆಳಗಿನ ಜಾವ, ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ, ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕೊಟ್ಟಿಗೆಯ ಒಳಗಿನ ಒಟ್ಟಲಿನವರೆಗೆ ಹೋಗಲು ಸೋಮಾರಿತನವಾಗಿ, ಬಾಗಿಲ ಬಳಿ ಹೊಸದಾಗಿ ತಂದು ಹಾಕಿದ್ದ ನಾಲ್ಕು ತುಂಡು ಎತ್ತಿಕೊಂಡು ಬಂದೆ. ಪುರಲೆ ಹೊತ್ತಿತು, ಅಡಿಕೆ ಹಾಳೆ ಹೊತ್ತಿತು, ತುಂಡು ಹೊತ್ತಲಿಲ್ಲ. ಅದರ ಎರಡೂ ತುದಿಯಿಂದ ಬಿಳಿ ನೊರೆ ಉಕ್ಕಿ ಸುಂಯ್ ಎಂದು ಸದ್ದು ಮಾಡತೊಡಗಿತು. ಊದುಗೊಳವೆ ಊದಿ ಊದಿ ತಲೆ ಸುತ್ತಿತು, ಬಚ್ಚಲಿನ ತುಂಬ ಹೊಗೆ. ಎದ್ದು ಬಂದ ಅಜ್ಜ ಬಯ್ಯಲಿಲ್ಲ. ತುಂಡನ್ನು ಒಲೆಯಿಂದ ಎಳೆದು ತುದಿಯ ನೊರೆ ತೋರಿಸಿ, “ಇದು ಸೌದೆಯಲ್ಲ ಮಾರಾಯ, ನೀರು. ಹಂಡೆ ನೀರು ಕಾಯುವ ಮೊದಲು ಇದು ಕಾಯಬೇಕು” ಎಂದರು.

ಅಜ್ಜನ ಮಾತು ಎಷ್ಟು ಸರಿ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಅವರು ಹೇಳದೆ ಬಿಟ್ಟ ಇನ್ನೊಂದು ಅರ್ಧವೂ ಅದರಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಸೌದೆಯ ಕೆಲಸವೆಂದರೆ ಬೆಂಕಿಯ ಕೆಲಸ ಎಂದು ನಾವೆಲ್ಲ ತಿಳಿದಿರುತ್ತೇವೆ. ನಿಜದಲ್ಲಿ ಕಡಿಯುವುದು, ಸೀಳುವುದು, ಒಟ್ಟುವುದು, ಕಾಯುವುದು, ಇವೆಲ್ಲ ನೀರನ್ನು ಹೊರಹಾಕುವ ಕೆಲಸ. ಬೆಂಕಿಕಡ್ಡಿ ಗೀರುವ ಹೊತ್ತಿಗೆ ಒಳ್ಳೆಯ ಬೆಂಕಿಯೋ ಕೆಟ್ಟ ಬೆಂಕಿಯೋ ಎಂಬುದು ಆಗಲೇ ತೀರ್ಮಾನವಾಗಿರುತ್ತದೆ.

ಮರವೆಂದರೆ ಮೊದಲಿಗೆ ಒಂದು ನೀರಿನ ವ್ಯವಸ್ಥೆ. ಬೇರಿನಿಂದ ಮೂವತ್ತು ನಲವತ್ತು ಅಡಿ ಎತ್ತರದ ಎಲೆಗೆ ನೀರು ಏರಬೇಕು. ಅದಕ್ಕಾಗಿ ಕಾಂಡದ ಉದ್ದಕ್ಕೂ ಕೂದಲಿನಷ್ಟು ಸಣ್ಣ ಕೊಳವೆಗಳು ಲಕ್ಷಾಂತರ ಸಂಖ್ಯೆಯಲ್ಲಿ ಜೋಡಿಸಿಕೊಂಡಿವೆ. ಈಗಷ್ಟೇ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಆ ನೀರು ಇರುವುದು ಎರಡು ಬಗೆಯಲ್ಲಿ. ಬಟ್ಟೆ ಒಗೆದು ಹಿಂಡುವುದನ್ನು ನೆನೆದುಕೊಳ್ಳಿ. ಹಿಂಡಿದಾಗ ಧಾರೆಯಾಗಿ ಸುರಿಯುವ ನೀರು ಒಂದು, ಎಷ್ಟು ಹಿಂಡಿದರೂ ಬಟ್ಟೆಯಲ್ಲೇ ಉಳಿಯುವ ತೇವ ಇನ್ನೊಂದು. ಮರದಲ್ಲೂ ಹಾಗೆಯೇ. ಕೊಳವೆಗಳ ಟೊಳ್ಳಿನಲ್ಲಿ ನಿಂತ ನೀರು ಸುಲಭವಾಗಿ ಹೊರಡುತ್ತದೆ. ಕೊಳವೆಯ ಗೋಡೆಯ ಒಳಗೇ, ಸೆಲ್ಯುಲೋಸ್ ಅಣುಗಳಿಗೆ ಅಂಟಿಕೊಂಡ ನೀರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈ ಎರಡನೆಯ ನೀರು ಒಣ ಮರದ ತೂಕದ ಶೇಕಡಾ 25ರಿಂದ 30ರಷ್ಟು ಇರುತ್ತದೆ.

ಟೊಳ್ಳಿನ ನೀರು ಹೋಗುವತನಕ ಮರ ಕುಗ್ಗುವುದಿಲ್ಲ. ಗೋಡೆಯ ನೀರು ಹೊರಡತೊಡಗಿದಾಗ ಕುಗ್ಗಲು ಶುರು. ಆ ಕುಗ್ಗುವಿಕೆಯೂ ಎಲ್ಲ ಕಡೆ ಒಂದೇ ಸಮ ಇಲ್ಲ. ದಿಮ್ಮಿಯ ಉದ್ದಕ್ಕೆ ಲೆಕ್ಕಕ್ಕೇ ಇಲ್ಲದಷ್ಟು. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ವರ್ಷವಲಯದ ಸುತ್ತಿನಲ್ಲಿ ಅದರ ಸುಮಾರು ಎರಡು ಪಟ್ಟು. ಸುತ್ತಳತೆ ಹೆಚ್ಚು ಕುಗ್ಗಿ ಅಡ್ಡಳತೆ ಅಷ್ಟು ಕುಗ್ಗದಿದ್ದರೆ ಮರ ಏನು ಮಾಡಬೇಕು? ಬಿರಿಯಬೇಕು. ಒಣಗಿದ ಕುಂಟೆಯ ತುದಿಯಲ್ಲಿ ತಿರುಳಿನಿಂದ ಹೊರಟು ಚಕ್ರದ ಅರೆಕಾಲುಗಳಂತೆ ಹರಡುವ ಬಿರುಕುಗಳು ಬರುವುದು ಹೀಗೆ. ಸೌದೆ ಕೊಳ್ಳುವವರು ಮೊದಲು ತುದಿ ನೋಡುತ್ತಾರಲ್ಲ, ಅವರು ಓದುತ್ತಿರುವುದು ಈ ಬಿರುಕುಗಳನ್ನೇ. ಬಿರುಕಿದೆ ಎಂದರೆ ಟೊಳ್ಳಿನ ನೀರು ಹೋಗಿ ಗೋಡೆಯ ನೀರಿಗೆ ಕೈ ಬಿದ್ದಿದೆ ಎಂದರ್ಥ.

ದಿಮ್ಮಿಯನ್ನು ಹಾಗೇ ಬಿಸಿಲಿಗೆ ಬಿಟ್ಟರೆ ಒಣಗುವುದಿಲ್ಲವೇ, ಸೀಳುವ ಕಷ್ಟ ಯಾಕೆ? ಒಣಗುತ್ತದೆ, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ. ತೊಗಟೆ ಇರುವುದೇ ಒಳಗಿನ ನೀರು ಹೊರಗೆ ಹೋಗದಂತೆ ಕಾಯಲು. ಮರ ಸತ್ತ ಮೇಲೂ ಅದು ತನ್ನ ಕೆಲಸ ಬಿಡುವುದಿಲ್ಲ. ಕೊಳವೆಗಳೆಲ್ಲ ಉದ್ದುದ್ದಕ್ಕೆ ಇರುವುದರಿಂದ ಕಡಿದ ತುದಿಯಿಂದ ನೀರು ಹೊರಡುವ ವೇಗ ಪಕ್ಕದಿಂದ ಹೊರಡುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಒಳ್ಳೆಯ ಸೌದೆಗೆ ಎರಡು ಸಂಸ್ಕಾರ: ಗಿಡ್ಡವಾಗಿ ತುಂಡರಿಸುವುದು, ಆಮೇಲೆ ಸೀಳುವುದು. ತುಂಡರಿಸಿದರೆ ನೀರಿಗೆ ಬಾಗಿಲು ಹತ್ತಿರವಾಗುತ್ತದೆ, ಸೀಳಿದರೆ ತೊಗಟೆಯ ಕೋಟೆ ಒಡೆಯುತ್ತದೆ. ತೋಳಿನಷ್ಟು ದಪ್ಪದ ಸೀಳು ಮಲೆನಾಡಿನ ಮಾರ್ಚ್, ಏಪ್ರಿಲ್, ಮೇ ಬಿಸಿಲಿಗೆ ಚೆನ್ನಾಗಿ ಒಣಗುತ್ತದೆ. ತೊಗಟೆ ಸಮೇತ ಬಿಟ್ಟ ಸೊಂಟದ ದಪ್ಪದ ದಿಮ್ಮಿ ಅಷ್ಟೇ ಬಿಸಿಲು ಕುಡಿದೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮಳೆಗಾಲದಲ್ಲಿ ಅಣಬೆ ಎದ್ದು ಲೊಡ್ಡಾಗುತ್ತದೆ.

ಸೀಳುವ ಕೆಲಸವನ್ನು ನಾನು ಎಷ್ಟು ನೋಡಿದರೂ ದಣಿಯುವುದಿಲ್ಲ. ಬಲ್ಲ ಕೈ ಕೊಡಲಿಯನ್ನು ಎತ್ತುವಾಗ ಮಾತ್ರ ಶಕ್ತಿ ಹಾಕುತ್ತದೆ, ಇಳಿಯುವಾಗ ಕೊಡಲಿಯೇ ಕೆಲಸ ಮಾಡುತ್ತದೆ ಎನ್ನಿಸುತ್ತದೆ. ಕೊಡಲಿಯ ತೂಕ ಎರಡು ಪಟ್ಟಾದರೆ ಅದರ ಚಲನಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಭಾರದ ಕೊಡಲಿ ಹಿಡಿದು ಏದುಸಿರು ಬಿಡುವ ಹುಡುಗನಿಗಿಂತ ಹದ ತೂಕದ ಕೊಡಲಿಯನ್ನು ಉದ್ದ ಕಾವಿನಿಂದ ಬೀಸುವ ಹಿರಿಯ ಹೆಚ್ಚು ಸೌದೆ ಒಡೆಯುವುದು ಈ ಲೆಕ್ಕದಿಂದ. ಆದರೆ ಅರ್ಧ ಗುಟ್ಟು ಮಾತ್ರ ಕೊಡಲಿಯದು. ಉಳಿದದ್ದು ಮರದ್ದು.

ಗಮನಿಸಿ ನೋಡಿ: ಕೊಡಲಿಯ ಅಲಗು ಎರಡು ಮೂರು ಅಂಗುಲ ಇಳಿಯುವಷ್ಟರಲ್ಲಿ ಸೀಳು ಅಲಗಿಗಿಂತ ಎಷ್ಟೋ ಮುಂದೆ ಓಡಿರುತ್ತದೆ. ಅಲಗಿನ ಬಾಯಿ ಮರವನ್ನು ಕತ್ತರಿಸುತ್ತಿಲ್ಲ. ಅದರ ದಪ್ಪ ಕೆನ್ನೆ ಬೆಣೆಯಂತೆ ಎರಡು ಪಕ್ಕವನ್ನು ದೂಡುತ್ತಿದೆ. ಸೀಳಿನ ತುದಿಯಲ್ಲಿ, ಸೂಜಿಮೊನೆಗಿಂತ ಸಣ್ಣ ಜಾಗದಲ್ಲಿ, ಆ ದೂಡುವಿಕೆಯೆಲ್ಲ ಒಟ್ಟಾಗುತ್ತದೆ. ಬಿರುಕು ಯಾಕೆ ಓಡುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದವನು ಇಂಗ್ಲೆಂಡಿನ ಎಂಜಿನಿಯರ್ ಎ.ಎ. ಗ್ರಿಫಿತ್. 1921ರಲ್ಲಿ ಪ್ರಕಟವಾದ ಅವನ ಪ್ರಬಂಧ ಗಾಜಿನ ಕುರಿತದ್ದು. ಬಿರುಕು ಮುಂದುವರಿಯಬೇಕಾದರೆ ಎರಡು ಹೊಸ ಮೈಗಳು ಹುಟ್ಟಬೇಕು, ಅದಕ್ಕೆ ಶಕ್ತಿ ಬೇಕು. ಬಾಗಿದ, ಬಿಗಿದ ವಸ್ತು ಸಡಿಲಗೊಳ್ಳುವಾಗ ಬಿಟ್ಟುಕೊಡುವ ಶಕ್ತಿ ಆ ಖರ್ಚನ್ನು ಭರಿಸುವಷ್ಟಿದ್ದರೆ ಬಿರುಕು ತಾನಾಗಿ ಓಡುತ್ತದೆ ಎಂದು ಅವನು ತೋರಿಸಿದ. ಮರದಲ್ಲಿ ಈ ಖರ್ಚು ದಿಕ್ಕಿನ ಮೇಲೆ ನಿಂತಿದೆ. ಎಳೆಗಳನ್ನು ಅಡ್ಡಕ್ಕೆ ಕಡಿಯಲು ಬೇಕಾಗುವ ಶಕ್ತಿಗಿಂತ ಎಳೆಗಳ ನಡುವೆ ಉದ್ದುದ್ದಕ್ಕೆ ಬಿಡಿಸಲು ಬೇಕಾಗುವ ಶಕ್ತಿ ಹತ್ತಾರು ಪಟ್ಟು ಕಡಿಮೆ. ಹಾಗಾಗಿ ಗರಗಸಕ್ಕೆ ಕಾಲು ಗಂಟೆ ಹಿಡಿಯುವ ಮರವೇ ಕೊಡಲಿಗೆ ಒಂದೇಟಿನಲ್ಲಿ ಬಾಯಿ ಬಿಡುತ್ತದೆ.

ಗಂಟಿದ್ದಲ್ಲಿ ಈ ಸುಖ ಇಲ್ಲ. ಗಂಟೆಂದರೆ ಕೊಂಬೆಯ ಬುಡ. ಅಲ್ಲಿ ಎಳೆಗಳು ತಿರುಗಿ ಅಡ್ಡಕ್ಕೆ ಹೊರಟಿರುತ್ತವೆ, ಓಡುವ ಸೀಳಿಗೆ ಅದೊಂದು ಗೋಡೆ. ನಮ್ಮ ಕಾಡಿನ ಹಲವು ಮರಗಳಲ್ಲಿ ಇನ್ನೊಂದು ತೊಡಕಿದೆ. ಎಳೆಗಳು ಕೆಲವು ವರ್ಷ ಬಲಕ್ಕೆ ವಾಲಿ, ಮತ್ತೆ ಕೆಲವು ವರ್ಷ ಎಡಕ್ಕೆ ವಾಲಿ, ಜಡೆ ಹೆಣೆದಂತೆ ಬೆಳೆದಿರುತ್ತವೆ. ಇಂಥ ಮರ ಸೀಳುವಾಗ ಎರಡು ಹೋಳಾಗದೆ ನಾರುನಾರಾಗಿ ಜೋತುಬೀಳುತ್ತದೆ. ಹುಣಸೆಯ ಕೊರಡು ಒಡೆಯಲು ಹೋದವರಿಗೆ ಗೊತ್ತು. ಮಾಂಸದಂಗಡಿಯಲ್ಲಿ ಕತ್ತಿಯ ಏಟು ತಿನ್ನುವ ದಿಮ್ಮಿ ಹುಣಸೆಯದೇ ಆಗಿರುವುದಕ್ಕೂ ಅದೇ ಗುಣ ಕಾರಣ. ಗಂಟಿನ ಮರವನ್ನು ನಡುವಿಗೆ ಹೊಡೆಯದೆ ಅಂಚಿನಿಂದ ಚಕ್ಕೆ ಚಕ್ಕೆಯಾಗಿ ತೆಗೆಯುತ್ತ ಬರಬೇಕು. ಅದಕ್ಕೂ ಬಗ್ಗದಿದ್ದರೆ ಹಾಗೇ ಬಿಟ್ಟು ಅಡಿಕೆ ಬೇಯಿಸುವ ದೊಡ್ಡ ಒಲೆಗೆ ಎತ್ತಿಡಬೇಕು.

ಸೀಳಿದ್ದನ್ನು ಒಟ್ಟುವುದಕ್ಕೂ ಲೆಕ್ಕವಿದೆ. ನೆಲಕ್ಕೆ ತಾಗಬಾರದು, ಕೆಳಗೆ ಎರಡು ಸಾಲು ಕಲ್ಲೋ ಅಡಿಕೆ ದಬ್ಬೆಯೋ ಇರಬೇಕು, ಇಲ್ಲದಿದ್ದರೆ ಗೆದ್ದಲಿಗೆ ನೀವೇ ಏಣಿ ಇಟ್ಟಂತೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲನ್ನು ಅಡ್ಡಡ್ಡ ಇಟ್ಟು ನಡುವೆ ಗಾಳಿಯಾಡಲು ಬಿಡಬೇಕು. ಮೇಲೆ ಸೂರು ಬೇಕು, ಪಕ್ಕಕ್ಕೆ ಗೋಡೆ ಬೇಡ. ಪ್ಲಾಸ್ಟಿಕ್ ಟಾರ್ಪಾಲನ್ನು ನಾಲ್ಕೂ ಕಡೆ ಬಿಗಿದು ಮುಚ್ಚುವವರನ್ನು ಈಗೀಗ ನೋಡುತ್ತೇನೆ. ಅದು ತಪ್ಪು. ಒಳಗಿನ ಹಬೆ ಹೊರಗೆ ಹೋಗದೆ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಮತ್ತೆ ಸೌದೆಯ ಮೇಲೇ ಬೀಳುತ್ತದೆ. ಒಣಗಿಸುವುದರಲ್ಲಿ ಬಿಸಿಲಿನಷ್ಟೇ ಪಾಲು ಗಾಳಿಯದು.

ಬಿಸಿಲು ಮತ್ತು ಗಾಳಿ ಮಾಡುವ ಕೆಲಸ ಎಷ್ಟು ದೊಡ್ಡದೆಂದು ಒಮ್ಮೆ ಎಣಿಸೋಣ. ಅರ್ಧ ನೀರಿರುವ 100 ಕೆ.ಜಿ. ಹಸಿ ಸೌದೆ ತೆಗೆದುಕೊಳ್ಳಿ. ಅದು ಚೆನ್ನಾಗಿ ಒಣಗಿ, ತೂಕದಲ್ಲಿ ಶೇಕಡಾ 15ರಷ್ಟು ಮಾತ್ರ ನೀರು ಉಳಿಯುವ ಹೊತ್ತಿಗೆ ಸುಮಾರು 59 ಕೆ.ಜಿ. ಆಗಿರುತ್ತದೆ. 41 ಲೀಟರ್ ನೀರು ಸದ್ದಿಲ್ಲದೆ ಆಕಾಶ ಸೇರಿದೆ. ಅಷ್ಟು ನೀರನ್ನು ಆವಿ ಮಾಡಲು ಸುಮಾರು 100 ಮೆಗಾಜೌಲ್ ಶಾಖ ಬೇಕು, ಎಂದರೆ ಏಳು ಕೆ.ಜಿ. ಒಣ ಸೌದೆಯನ್ನು ಒಂದಿಷ್ಟೂ ಪೋಲಾಗದಂತೆ ಉರಿಸಿದರೆ ಸಿಗುವಷ್ಟು. ಬೇಸಿಗೆಯ ಗಾಳಿ ಅದನ್ನು ಪುಕ್ಕಟೆ ಮಾಡಿಕೊಡುತ್ತದೆ. ಪಟ್ಟಣದ ಸೌದೆ ಡಿಪೋದಲ್ಲಿ ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಂಡವರು ಅರ್ಧ ದುಡ್ಡನ್ನು ನೀರಿಗೆ ಕೊಟ್ಟು ಬಂದಿರುತ್ತಾರೆ.

ಒಮ್ಮೆ ಒಣಗಿತು ಎಂದರೆ ಮುಗಿಯಿತೆಂದಲ್ಲ. ಮರ ಗಾಳಿಯ ತೇವದೊಂದಿಗೆ ಸದಾ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65 ಇದ್ದಾಗ ಮರದಲ್ಲಿ ಅದರ ಒಣ ತೂಕದ ಶೇಕಡಾ 12ರಷ್ಟು ನೀರು ನಿಲ್ಲುತ್ತದೆ. ಆರ್ದ್ರತೆ ಶೇಕಡಾ 90ಕ್ಕೆ ಏರಿದರೆ ಅದು 20ಕ್ಕೆ ಏರುತ್ತದೆ. ಆಷಾಢದ ಮಲೆನಾಡಿನಲ್ಲಿ ಆರ್ದ್ರತೆ 90ಕ್ಕಿಂತ ಕೆಳಗಿಳಿಯದ ದಿನಗಳು ಎಷ್ಟೋ. ಕೊಟ್ಟಿಗೆಯಲ್ಲಿ ಒಂದು ಹನಿ ಸೋರದಿದ್ದರೂ ಸೌದೆ ಗಾಳಿಯಿಂದಲೇ ನೀರು ಕುಡಿದು ಮೆತ್ತಗಾಗುತ್ತದೆ. ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಕಟ್ಟಿ, ನಾಳೆಗೆ ಬೇಕಾದ ಸೌದೆಯನ್ನು ಇವತ್ತೇ ಅಲ್ಲಿಗೆ ಏರಿಸುತ್ತಿದ್ದ ರೂಢಿ ಇದಕ್ಕೆ ಉತ್ತರ. ಅಡುಗೆ ಮುಗಿದ ಮೇಲೆ ವ್ಯರ್ಥವಾಗುವ ಶಾಖದಿಂದ ಕೊನೆಯ ತೇವವನ್ನು ತೆಗೆಯುವ ಈ ಉಪಾಯವನ್ನು ಕಂಡುಕೊಂಡವರು ಯಾರೋ, ಅವರು ಎಂಜಿನಿಯರರೇ.

ಈಗ ಒಲೆಯ ಬಳಿ ಬರೋಣ. ಒಲೆಗಿಟ್ಟ ಕಟ್ಟಿಗೆಯನ್ನು ಬಗ್ಗಿ ನೋಡಿದರೆ ಉರಿ ಕಟ್ಟಿಗೆಗೆ ಅಂಟಿಕೊಂಡಿಲ್ಲದಿರುವುದು ಕಾಣುತ್ತದೆ. ಕಟ್ಟಿಗೆಗೂ ಉರಿಗೂ ನಡುವೆ ಒಂದು ಸಣ್ಣ ಖಾಲಿ ಜಾಗವಿದೆ. ಉರಿಯುತ್ತಿರುವುದು ಮರವಲ್ಲ, ಮರದಿಂದ ಹೊರಟ ಅನಿಲ. ಮರದ ಮೈ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನೀರು ಕುದಿದು ಹೊರಡುತ್ತದೆ. ಅದು ಹೋಗುವವರೆಗೆ ಆ ಜಾಗ ಅದಕ್ಕಿಂತ ಹೆಚ್ಚು ಬಿಸಿಯಾಗುವುದಿಲ್ಲ. 200 ಡಿಗ್ರಿ ದಾಟಿದ ಮೇಲೆ ಸೆಲ್ಯುಲೋಸ್, ಲಿಗ್ನಿನ್ ಮೊದಲಾದ ದೊಡ್ಡ ಅಣುಗಳು ಮುರಿಯತೊಡಗಿ, 300, 400 ಡಿಗ್ರಿಯ ಹೊತ್ತಿಗೆ ಒಣಮರದ ತೂಕದ ಮುಕ್ಕಾಲು ಪಾಲು ಅನಿಲವೂ ಹಬೆಯೂ ಆಗಿ ಹೊರಬೀಳುತ್ತದೆ. ಅದಕ್ಕೆ ಗಾಳಿಯೂ ಸಾಕಷ್ಟು ಬಿಸಿಯೂ ಸಿಕ್ಕಿದರೆ ಉರಿ. ಸಿಗದಿದ್ದರೆ ಹೊಗೆ. ಉಳಿದ ಕಾಲು ಪಾಲು ಇದ್ದಿಲಾಗಿ, ಉರಿಯಿಲ್ಲದೆ, ಕೆಂಡವಾಗಿ ಹೊಳೆಯುತ್ತದೆ. ಒಲೆಯಲ್ಲಿ ಬಿದಿರಿಟ್ಟಾಗ ಪಟಾಕಿಯಂತೆ ಸಿಡಿಯುವುದು ಎರಡು ಗೆಣ್ಣಿನ ನಡುವೆ ಸಿಕ್ಕಿಬಿದ್ದ ಗಾಳಿ ಮತ್ತು ಹಬೆ. ಹಸಿ ತುಂಡಿನ ತುದಿಯಲ್ಲಿ ಉಕ್ಕುವ ನೊರೆ, ಒಳಗಿನ ಹಬೆ ಕೊಳವೆಗಳುದ್ದಕ್ಕೂ ನೀರನ್ನು ದೂಡಿಕೊಂಡು ಬಂದದ್ದು.

ಅಜ್ಜ ಹೇಳದೆ ಬಿಟ್ಟ ಅರ್ಧ ಇಲ್ಲಿದೆ. ಹಸಿ ಸೌದೆಯ ಶಾಖವೆಲ್ಲ ಅದರ ನೀರು ಕಾಯಿಸುವುದರಲ್ಲೇ ಮುಗಿದುಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಹಾಗಿಲ್ಲ. ಒಂದು ಕೆ.ಜಿ. ಹಸಿ ಸೌದೆಯಲ್ಲಿ ಅರ್ಧ ಕೆ.ಜಿ. ಮರವಿದೆ, ಅದರಲ್ಲಿ ಸುಮಾರು 9 ಮೆಗಾಜೌಲ್ ಶಾಖವಿದೆ. ಜೊತೆಗಿರುವ ಅರ್ಧ ಲೀಟರ್ ನೀರನ್ನು ಕಾಯಿಸಿ ಆವಿ ಮಾಡಲು ಬೇಕಾದದ್ದು ಸುಮಾರು 1.3 ಮೆಗಾಜೌಲ್. ಏಳರಲ್ಲಿ ಒಂದು ಪಾಲು ಅಷ್ಟೇ. ಮಿಕ್ಕ ಆರು ಪಾಲು ಎಲ್ಲಿಗೆ ಹೋಯಿತು? ಅದರಲ್ಲಿ ಬಹಳಷ್ಟು ಹೊಗೆಯಾಗಿ ಹೋಯಿತು. ಮರದಿಂದ ಹೊರಟ ಅನಿಲಗಳು ಪೂರ್ತಿ ಉರಿಯಲು 600 ಡಿಗ್ರಿಗೂ ಮಿಗಿಲಾದ ಬಿಸಿ ಬೇಕು. ನೀರಿನ ಹಬೆ ಒಲೆಯ ಗೂಡನ್ನು ಅದಕ್ಕಿಂತ ತಣ್ಣಗೆ ಇಡುತ್ತದೆ. ಹಾಗಾಗಿ ಅನಿಲ ಉರಿಯದೆ, ಟಾರು, ಮಸಿ, ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆ. ಮಾಡಿಗೆ ಜೋತುಬಿದ್ದ ಇಲ್ಲಣ, ಪಾತ್ರೆಯ ತಳದ ಮಸಿ, ಹೊಗೆಗೂಡಿನೊಳಗೆ ಡಾಂಬರಿನಂತೆ ಕಟ್ಟಿದ ಕರಿ, ಎಲ್ಲವೂ ಕಾಡಿನಿಂದ ಹೊತ್ತು ತಂದ ಶಾಖ, ಬಳಕೆಯಾಗದೆ ಅಂಟಿಕೊಂಡದ್ದು. ನೀರು ಕದಿಯುವ ಶಾಖ ಕಡಿಮೆ, ಅದು ಕೆಡಿಸುವ ಬೆಂಕಿ ಹೆಚ್ಚು.

ಯಾವ ಮರ ಒಳ್ಳೆಯದು ಎಂಬ ವಾದ ಪ್ರತಿ ಊರಿನಲ್ಲೂ ಇದೆ. ಪೂರ್ತಿ ಒಣಗಿದ ಮೇಲೆ ತೂಕಕ್ಕೆ ತೂಕ ಎಲ್ಲ ಮರವೂ ಹೆಚ್ಚುಕಡಿಮೆ ಒಂದೇ, ಕೆ.ಜಿ.ಗೆ 18ರಿಂದ 20 ಮೆಗಾಜೌಲ್. ವ್ಯತ್ಯಾಸ ಇರುವುದು ಸಾಂದ್ರತೆಯಲ್ಲಿ. ಒಂದು ತೋಳ್ತೆಕ್ಕೆ ಮತ್ತಿ, ಜಂಬೆ ಅಥವಾ ಗಾಳಿಮರದ ಸೌದೆಯಲ್ಲಿ ಇರುವಷ್ಟು ಮರ ಎರಡು ತೆಕ್ಕೆ ಬೂರುಗ, ಹಾಲವಾಣದಲ್ಲೂ ಇರಲಿಕ್ಕಿಲ್ಲ. ಗಟ್ಟಿ ಮರ ತಡವಾಗಿ ಹೊತ್ತಿ ಕೆಂಡ ಉಳಿಸುತ್ತದೆ, ಹಗುರ ಮರ ಭಗ್ಗನೆ ಹೊತ್ತಿ ಬೂದಿಯಾಗುತ್ತದೆ. ದೋಸೆಗೆ ಒಂದು, ಹುರುಳಿ ಬೇಯಿಸಲು ಇನ್ನೊಂದು ಎಂದು ಆರಿಸುವ ಅಡುಗೆಯವರ ಜಾಣ್ಮೆ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಇಷ್ಟೆಲ್ಲ ಕಷ್ಟಪಟ್ಟು ಒಣಗಿಸಿದ ಸೌದೆಯನ್ನು ನಮ್ಮ ಒಲೆ ಹೇಗೆ ಬಳಸುತ್ತದೆ? ಹಂಡೆಯ 50 ಲೀಟರ್ ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ತರಲು 10.5 ಮೆಗಾಜೌಲ್ ಸಾಕು. ಲೆಕ್ಕದ ಪ್ರಕಾರ ಮುಕ್ಕಾಲು ಕೆ.ಜಿ. ಒಣ ಸೌದೆ. ನಮ್ಮ ಮನೆಯಲ್ಲಿ ಅಷ್ಟಕ್ಕೆ ಒಂದು ತೆಕ್ಕೆ ಸೌದೆ ಬೇಕಾಗುತ್ತಿತ್ತು. ಮೂರು ಕಲ್ಲಿನ ಒಲೆ, ಬಾಯಿ ಅಗಲದ ಮಣ್ಣೊಲೆಗಳಲ್ಲಿ ಪಾತ್ರೆಗೆ ಸೇರುವ ಶಾಖ ನೂರರಲ್ಲಿ 10ರಿಂದ 15 ಪಾಲು. ಉಳಿದದ್ದು ಬಾಯಿಂದ, ಸಂದಿನಿಂದ, ಹೊಗೆಯ ಜೊತೆಗೆ ಹೊರಗೆ ಹೋಗುತ್ತದೆ.

ಈ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಕೈಗೆತ್ತಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ವಿದ್ಯುತ್‌ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯ ಬರೆದ ಅಮೂಲ್ಯಕುಮಾರ್ ಎನ್. ರೆಡ್ಡಿ 1974ರಲ್ಲಿ ಅಲ್ಲಿ ‘ಆಸ್ಟ್ರ’ ಎಂಬ ಘಟಕ ಕಟ್ಟಿದರು. ಹಳ್ಳಿಗಳಿಗೆ ಬೇಕಾದ ವಿಜ್ಞಾನ ತಂತ್ರಜ್ಞಾನ ಅದರ ಕೆಲಸ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರವಿತ್ತು. ಅದರ ಸುತ್ತಿನ ಹಳ್ಳಿಗಳಲ್ಲಿ 1970ರ ದಶಕದ ಕೊನೆಗೆ ಅವರು ಮನೆಮನೆಯ ಶಕ್ತಿಯ ಲೆಕ್ಕ ತೆಗೆದರು. ಪುರ ಎಂಬ ಹಳ್ಳಿಯಲ್ಲಿ ಒಂದು ಮನೆಯವರು ಸೌದೆ ಆರಿಸಲು ದಿನಕ್ಕೆ ಸರಾಸರಿ ಎರಡೂವರೆ ಗಂಟೆಗಿಂತ ಹೆಚ್ಚು ಹೊತ್ತು ಕಳೆಯುತ್ತಿದ್ದರು, ಸುಮಾರು 5 ಕಿಲೋಮೀಟರ್ ನಡೆಯುತ್ತಿದ್ದರು. ಅದು ಮಲೆನಾಡಲ್ಲ. ಅಲ್ಲಿ ಕೊಟ್ಟಿಗೆ ತುಂಬ ಸೀಳು ಒಟ್ಟುವ ಮಾತೇ ಇಲ್ಲ. ಬೇಲಿಯ ಕಡ್ಡಿ, ಜಾಲಿಯ ರೆಂಬೆ, ಬಿದ್ದ ಪುಳ್ಳೆ, ದಿನದಿನವೂ ಆರಿಸಿ ತಲೆಯ ಮೇಲೆ ಹೊತ್ತು ತರಬೇಕು. ಸೌದೆ ಉಳಿಸುವುದೆಂದರೆ ಯಾರ ಬೆನ್ನನ್ನು, ಯಾರ ಹೊತ್ತನ್ನು ಉಳಿಸುವುದು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಯನ್ನು ನಾನು ಕಂಡಿಲ್ಲ.

ಎಸ್.ಎಸ್. ಲೋಕ್ರಾಸ್, ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು 1980ರ ದಶಕದ ಮೊದಲಲ್ಲಿ ರೂಪಿಸಿದ ‘ಆಸ್ಟ್ರ ಒಲೆ’ ಕರ್ನಾಟಕದ ಸಾವಿರಾರು ಅಡುಗೆಮನೆಗಳನ್ನು ಸೇರಿತು. ಅದರಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಸೌದೆಯ ಕೆಳಗೆ ಜಾಲರಿ, ಅದರಡಿಯಿಂದ ಗಾಳಿ. ಮುಚ್ಚಿದ ಸಣ್ಣ ಗೂಡು, ಅಲ್ಲಿ ಅನಿಲಗಳು ಉರಿಯುವಷ್ಟು ಬಿಸಿ. ಮೊದಲ ಪಾತ್ರೆಯನ್ನು ದಾಟಿದ ಬಿಸಿಗಾಳಿ ಎರಡನೆಯದಕ್ಕೆ, ಮೂರನೆಯದಕ್ಕೆ ಹರಿದು, ಕೊನೆಗೆ ಕೊಳವೆಯಿಂದ ಮಾಡಿನಾಚೆಗೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇಕಡಾ 40ರ ಆಸುಪಾಸು ಬಂತು. ಅದೇ ದಕ್ಷತೆಯಲ್ಲಿ ಹಂಡೆ ಕಾಯಿಸಿದರೆ ಐದು ಕೆ.ಜಿ. ಸೌದೆಯ ಕೆಲಸಕ್ಕೆ ಎರಡು ಕೆ.ಜಿ. ಸಾಕು. ಕಟ್ಟಿದವರ ಕೈ, ಸೌದೆಯ ಗಾತ್ರ, ಕೊಳವೆ ಗುಡಿಸುವ ಶ್ರದ್ಧೆ, ಇವುಗಳ ಮೇಲೆ ಮನೆಯಲ್ಲಿನ ಫಲ ಏರುಪೇರಾಗುತ್ತಿತ್ತು. ಕೊಳವೆಯಲ್ಲಿ ಮಸಿ ಕಟ್ಟಿದ ಎಷ್ಟೋ ಒಲೆಗಳನ್ನು ಜನ ಒಡೆದು ಹಳೆಯದಕ್ಕೇ ಮರಳಿದ್ದೂ ಉಂಟು. ಒಳ್ಳೆಯ ಒಲೆಗೂ ಒಣ ಸೌದೆಯೇ ಬೇಕು.

ಹೊಗೆ ಸೌದೆಯ ನಷ್ಟ ಮಾತ್ರ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅಮೆರಿಕದ ಕರ್ಕ್ ಸ್ಮಿತ್ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ, ಅಡುಗೆ ಮಾಡುವ ಹೆಂಗಸರ ಉಸಿರಿಗೆ ಸೇರುವ ಹೊಗೆಯ ಕಣಗಳನ್ನು ಅಳೆದಾಗ, ಮನೆಯೊಳಗಿನ ಮಾಲಿನ್ಯ ಪಟ್ಟಣದ ರಸ್ತೆಯದ್ದನ್ನು ಮೀರಿಸಿದ್ದು ಜಗತ್ತಿಗೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ ಮಂದಿ. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಐದು ವರ್ಷ ತುಂಬದ ಮಕ್ಕಳು. ನನ್ನ ಅಜ್ಜಿ ಬೀಡಿ ಮುಟ್ಟಿದವರಲ್ಲ. ಕೊನೆಯ ಹತ್ತು ವರ್ಷ ಅವರು ಕೂತೇ ನಿದ್ದೆ ಮಾಡುತ್ತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಡುಗೆಗೆ ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಸೌದೆಯೊಲೆಯ ಅಡುಗೆಯ ರುಚಿಯನ್ನು ಹೊಗಳುವಾಗ ಅದನ್ನು ಊದುತ್ತಿದ್ದವರ ಪುಪ್ಪುಸವನ್ನೂ ನೆನೆಯಬೇಕು.

ಆದರೂ ಬಚ್ಚಲೊಲೆ ಉಳಿದಿದೆ, ಚಳಿ ಕಾಯಿಸುವ ಬೆಂಕಿಯೂ ಉಳಿದಿದೆ. ಅಂಗಳದ ಬೆಂಕಿಯೆದುರು ಕೂತರೆ ಎದೆ ಸುಡುತ್ತದೆ, ಬೆನ್ನು ಕೊರೆಯುತ್ತದೆ. ಬೆಂಕಿ ಕಾಯಿಸಿದ ಗಾಳಿಯೆಲ್ಲ ನೇರ ಮೇಲಕ್ಕೆ ಹೋಗುತ್ತದೆ. ನಮಗೆ ಮುಟ್ಟುವುದು ಬೆಳಕಿನಂತೆ ನೇರ ಗೆರೆಯಲ್ಲಿ ಬರುವ ವಿಕಿರಣ ಶಾಖ. ದೂರ ಎರಡು ಪಟ್ಟಾದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಹಿರಿಯರು ಉರಿಗಿಂತ ಕೆಂಡವನ್ನು ಮೆಚ್ಚುವುದು ಸುಮ್ಮನೆ ಅಲ್ಲ, ಕೆಂಡ ಹೊಗೆಯಿಲ್ಲದೆ, ನಿಧಾನಕ್ಕೆ, ಬಹಳ ಹೊತ್ತು ವಿಕಿರಣ ಸೂಸುತ್ತದೆ. ಬೆನ್ನಿಗೆ ಬೇಕಾದದ್ದು ಕಂಬಳಿ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಹೊರಡಿಸುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಕಂಬಳಿ ಶಾಖ ಕೊಡುವುದಿಲ್ಲ, ಈ ಶಾಖ ಹೋಗದಂತೆ ನೂಲಿನ ನಡುವಿನ ಗಾಳಿಯಲ್ಲಿ ಹಿಡಿದಿಡುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಯೂ ಮೈಗೆ ಒದ್ದೆ ಎನ್ನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹುಣಸೆಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕುರುಬರ ಕರಿ ಕಂಬಳಿ ಮಳೆಗೂ ಮಾಗಿಗೂ ಒದಗುತ್ತಿದ್ದದ್ದು ಈ ಗುಣದಿಂದ.

ಕೆಂಡದ ಬಗ್ಗೆ ಒಂದು ಮಾತು ಬಾಕಿ ಇದೆ, ಅದನ್ನು ಹೇಳಲೇಬೇಕು. ಕೆಂಡದಿಂದ ಹೊಗೆ ಬರುವುದಿಲ್ಲವಾದ್ದರಿಂದ ಅದು ನಿರಪಾಯ ಎಂದು ನಂಬಿ, ಬಾಣಂತಿಯ ಕೋಣೆಗೆ, ಮುದುಕರ ಮಂಚದಡಿಗೆ, ಈಚೆಗೆ ಹೋಂಸ್ಟೇ ಕೋಣೆಗಳಿಗೂ ಅಗ್ಗಿಷ್ಟಿಕೆ ಒಯ್ಯುವವರಿದ್ದಾರೆ. ಇದ್ದಿಲು ಸಾಕಷ್ಟು ಆಮ್ಲಜನಕವಿಲ್ಲದೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಬೆಚ್ಚಗೆ ನಿದ್ದೆ ಬಂತು ಎಂದುಕೊಂಡವರು ಮತ್ತೆ ಏಳುವುದಿಲ್ಲ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಕೊಲ್ಲುವುದೂ ಇದೇ ಅನಿಲದಿಂದ. ಈ ಚಳಿಗಾಲ ಮೈ ಕಾಯಿಸಿಕೊಳ್ಳುವುದಿದ್ದರೆ ಅಂಗಳದಲ್ಲೋ ಬಾಗಿಲು ತೆರೆದ ಜಗಲಿಯಲ್ಲೋ ಕಾಯಿಸಿಕೊಳ್ಳಿ. ಮಲಗುವ ಕೋಣೆಗೆ ಕಂಬಳಿ ಒಯ್ಯಿರಿ, ಕೆಂಡವನ್ನು ಹೊರಗೇ ಬಿಡಿ.